ಸಭಾಧ್ಯಕ್ಷೆಯ ಒಂದು ಮತ

ಮಸೂದೆಯ ಪರವಾಗಿ ಎದ್ದ ಕೈಗಳೆಷ್ಟೋ, ವಿರುದ್ಧ ಎದ್ದವೂ ಅಷ್ಟೇ. ಕಾರ್ಯದರ್ಶಿ ಎರಡೆರಡು ಸಲ ಎಣಿಸಿ, ಸಭಾಧ್ಯಕ್ಷೆಯ ಕಿವಿಯ ಬಳಿ ಬಗ್ಗಿ, "ಸಮ ಸಮ ಆಗಿದೆ ಮೇಡಂ, ಇನ್ನು ನೀವೇ ಹೇಳಬೇಕು" ಅಂದ.

ಸಭಾಧ್ಯಕ್ಷರಿಗೆ ಮತವಿಲ್ಲ. ಎರಡೂ ಕಡೆ ಸಮ ಬಿದ್ದರೆ ಮಾತ್ರ ಒಂದೇ ಒಂದು ಮತ. ಅದಕ್ಕೂ ಆ ಸದನದಲ್ಲಿ ಹಳೆಯ ಸಂಪ್ರದಾಯವೊಂದು ಗಂಟುಬಿದ್ದಿತ್ತು: ಬಹುಮತ ಸಿಗದ ಹೊಸ ಕಾನೂನನ್ನು ಸಭಾಧ್ಯಕ್ಷರು ತಮ್ಮ ಒಂದು ಮತದಿಂದ ಹುಟ್ಟಿಸಕೂಡದು, ಇದ್ದದ್ದನ್ನು ಇದ್ದ ಹಾಗೇ ಉಳಿಸಬೇಕು. ಪುಸ್ತಕದಲ್ಲಿ ಓದುವಾಗ ಎಷ್ಟು ಸಲೀಸು!

ಮಸೂದೆಯೋ, ನೂಲಿನ ಗಿರಣಿಯ ಧೂಳು ಕುಡಿದು ಶ್ವಾಸಕೋಶ ಕೆಟ್ಟವರಿಗೆ ಸರ್ಕಾರವೇ ಚಿಕಿತ್ಸೆ ಕೊಡಿಸಬೇಕೆನ್ನುವುದು. ಮೇಲೆ, ಪ್ರೇಕ್ಷಕರ ಗ್ಯಾಲರಿಯಲ್ಲಿ, ಸಭಾಧ್ಯಕ್ಷೆಯ ಸ್ವಂತ ಅಕ್ಕ ತನ್ನ ಮಗಳ ತೋಳು ಹಿಡಿದು ಕೂತಿದ್ದಳು. ತಾಯಿಯಿಲ್ಲದ ತಂಗಿಯನ್ನು ಸಾಕಿ, ವಕೀಲಿ ಓದಿಸಿದ್ದು ಇದೇ ಅಕ್ಕ. ಅದೇ ಗಿರಣಿಯಲ್ಲಿ ಮೈ ಹಣ್ಣು ಮಾಡಿಕೊಂಡು. ಈಗ ಅವಳ ಮಗಳೂ ಅಲ್ಲೇ ದುಡಿಯುತ್ತಿದ್ದಳು, ಅವಳಿಗೂ ಕೆಮ್ಮು ಶುರುವಾಗಿತ್ತು.

ಸಭಾಧ್ಯಕ್ಷೆ ಮೇಲೆ ನೋಡಲಿಲ್ಲ. "ನನ್ನ ಮತ ವಿರುದ್ಧ. ಮಸೂದೆ ಬಿದ್ದಿದೆ" ಎಂದಳು.

ಸದನ ಮುಗಿದ ಮೇಲೆ ಅಕ್ಕ ಏದುಸಿರು ಬಿಡುತ್ತಾ ಅವಳ ಕೋಣೆಗೆ ಬಂದಳು. ಮಗಳು ಬಾಗಿಲಲ್ಲೇ ನಿಂತಳು.

"ಒಂದು ಹೌದು ಅನ್ನೋಕೆ ನಾಲಿಗೆ ಹೊರಳಲಿಲ್ವೇನೆ ನಿಂಗೆ?"

"ಸಭೆ ಒಪ್ಪದ್ದನ್ನ ನಾನೊಬ್ಬಳು ಕಾನೂನು ಮಾಡಬಾರದು ಅಕ್ಕ. ನಾಳೆ ಗಿರಣಿ ಮಾಲೀಕರ ಕಡೆಯವನು ಇದೇ ಕುರ್ಚೀಲಿ ಕೂತು, ಒಂದೇ ಮಾತಲ್ಲಿ ನಿಮ್ಮ ಸಂಬಳ ಕತ್ತರಿಸಿದ್ರೆ? ಮುಂದಿನ ಅಧಿವೇಶನದಲ್ಲಿ ಮತ್ತೆ ತರ್ತಾರೆ."

"ಅದು ಯಾವಾಗ?"

"ಮಳೆಗಾಲ ಕಳೆದ ಮೇಲೆ."

ಅಕ್ಕ ಕುರ್ಚಿಯ ತೋಳು ಹಿಡಿದು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು. "ನೀನು ಹೇಳೋದು ಸರಿ ಇರಬಹುದು ಕಣೆ. ಅಲ್ಲೀವರೆಗೆ ಉಸಿರು ಎಲ್ಲಿಂದ ಸಾಲ ತರಲಿ, ಅದನ್ನ ಹೇಳು" ಎಂದವಳು, ಉತ್ತರಕ್ಕೆ ಕಾಯದೆ ಹೊರಟು ಹೋದಳು.

ಆ ವಾರವೇ ಸಭಾಧ್ಯಕ್ಷೆ ಪೀಠಕ್ಕೆ ರಾಜೀನಾಮೆ ಕೊಟ್ಟಳು. ತಲೆ ಕೆಟ್ಟಿದೆಯೇ ಇವಳಿಗೆ ಎಂದು ಪಕ್ಷದವರೇ ಆಡಿಕೊಂಡರು. ಅವಳು ಲೆಕ್ಕ ಹಾಕಿಯೇ ಎದ್ದಿದ್ದಳು. ಮಸೂದೆಯ ವಿರುದ್ಧ ಕೈ ಎತ್ತಿದ್ದ ವಿರೋಧ ಪಕ್ಷದ ಹಿರಿಯರೊಬ್ಬರಿಗೆ ಆ ಪೀಠದ ಮೇಲೆ ಜನ್ಮದ ಆಸೆ. ಅವಳ ಮಾತು ಕೇಳಿ ಸರ್ಕಾರದ ಕಡೆಯವರೇ ಅವರ ಹೆಸರು ಸೂಚಿಸಿದಾಗ ಮುಖ ಊರಗಲ ಮಾಡಿಕೊಂಡು ಒಪ್ಪಿದರು. ಪೀಠ ಹತ್ತಿದವರಿಗೆ ಮತವಿಲ್ಲ, ಇಳಿದವಳಿಗೆ ಉಂಟು. ಈ ಕಡೆ ಒಂದು ಕೈ ಕೂಡಿತು, ಆ ಕಡೆ ಒಂದು ಕಳೆಯಿತು.

ಮಳೆಗಾಲ ಕಳೆಯಿತು. ಅಷ್ಟರೊಳಗೆ ಅಕ್ಕನೂ ಹೋಗಿಬಿಟ್ಟಿದ್ದಳು.

ಮಸೂದೆ ಮತ್ತೆ ಬಂದ ದಿನ ತಂಗಿ ಹಿಂದಿನ ಸಾಲಿನಿಂದ ಕೈ ಎತ್ತಿದಳು. ಮಸೂದೆ ಗೆದ್ದಿತು. ಗ್ಯಾಲರಿಯಲ್ಲಿ ಗಿರಣಿಯ ಹೆಂಗಸರು ಚಪ್ಪಾಳೆ ತಟ್ಟಿದರು; ಹೊಸ ಸಭಾಧ್ಯಕ್ಷರು ಗದರಿಸಿ ಸುಮ್ಮನಾಗಿಸಿದರು. ಅವಳಿಗೆ ಮಾತ್ರ ಅಳು ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಅತ್ತಳು.

ಹೊರಗೆ ಮೆಟ್ಟಿಲ ಬಳಿ ಅಕ್ಕನ ಮಗಳು ಕಾಯುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಚಿಕ್ಕಮ್ಮ, ನಾಳೆ ಆಸ್ಪತ್ರೆಗೆ ಹೋಗಿ ನನ್ನ ಹೆಸರು ಬರೆಸ್ತೀನಿ" ಎಂದಳು. ಕೆಮ್ಮು ಬಂತು, ನಿಲ್ಲುವ ತನಕ ಸೆರಗು ಬಾಯಿಗೊತ್ತಿಕೊಂಡಳು. "ಅಮ್ಮನ ಹೆಸರು ಎಲ್ಲಿ ಬರೆಸಲಿ?"

ಇಡೀ ಸದನಕ್ಕೆ ನಿಯಮ ಹೇಳಿಕೊಟ್ಟವಳು ಹುಡುಗಿಯ ಕೈ ಹಿಡಿಯಲು ಹೋದಳು. ಹುಡುಗಿ ಕೈ ಕೊಟ್ಟಳು.