ಉಜ್ಜದೆ ಉಳಿದ ಮೂರು ಚಿಪ್ಪುಗಳು

ನನ್ನ ಮೇಜಿನ ಮೇಲೆ ಹಳೆಯ ಕೈಗಡಿಯಾರವೊಂದರ ಉಬ್ಬುಗಾಜು ಅಂಗಾತ ಮಲಗಿರುತ್ತದೆ. ಅದರ ಗುಳಿಯಲ್ಲಿ ಹೆಸರುಕಾಳಿಗಿಂತ ತುಸು ದೊಡ್ಡದಾದ ಒಂದು ಬಿಳಿಯ ಚಿಪ್ಪು. ಗಾಜಿನ ಅಂಚಿಗೆ ಬೆರಳು ತಾಗಿದರೆ ಸಾಕು, ತೊಟ್ಟಿಲಿನಂತೆ ತೂಗುತ್ತದೆ. ಅಂಗಡಿಗೆ ಬಂದವರೆಲ್ಲ ಒಮ್ಮೆ ತೂಗಿ, ಇದೇ ಏನು ನಿಮ್ಮ ಹೆಸರುವಾಸಿ ಚಿಪ್ಪುಹುಳು ಎಂದು ಕೇಳುತ್ತಾರೆ. ಇದೇ, ಆದರೆ ಇದು ನಾನು ಹಾಳು ಮಾಡಿದ್ದು ಎಂದು ನಾನು ಕತೆ ಶುರು ಮಾಡುತ್ತೇನೆ. ಗಿರಾಕಿಯ ವಾಚು ಅಷ್ಟು ಹೊತ್ತು ಕಾಯುತ್ತದೆ.

ನಾನು ಏಳನೆಯ ತರಗತಿ ಓದಿದವನು. ವಾಚು ರಿಪೇರಿಯನ್ನು ಮಾವನಿಂದ ಕಲಿತೆ, ಚಿಪ್ಪುಗಳ ವಿದ್ಯೆಯನ್ನು ಗುಜರಿ ಅಂಗಡಿಯಲ್ಲಿ ಸಿಕ್ಕಿದ ರಟ್ಟಿಲ್ಲದ ಒಂದು ಪುಸ್ತಕದಿಂದ. ಕಣ್ಣಿಗೆ ಗಾಜು ಕಚ್ಚಿಸಿಕೊಂಡು ಹಲ್ಲುಚಕ್ರಗಳನ್ನು ನೋಡುತ್ತಿದ್ದವನಿಗೆ ಚಿಪ್ಪಿನ ಸುರುಳಿಯೂ ಗಡಿಯಾರದ ಸ್ಪ್ರಿಂಗೂ ಒಂದೇ ಕೈಕೆಲಸದಂತೆ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಎದುರಿನ ಚಾ ಅಂಗಡಿಯವನಂತೂ, ಇವರಲ್ಲಿ ಕೊಟ್ಟ ವಾಚುಗಳೆಲ್ಲ ಈಗ ಬಸವನಹುಳದ ನಡಿಗೆ ಕಲಿತಿವೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ನನಗೆ ಚಿಪ್ಪು ತಂದುಕೊಡುತ್ತಿದ್ದವಳು ಅಕ್ಕಣಿ. ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಒಳ್ಳೆಯ ಮೀನೆಲ್ಲ ಹರಾಜಾದ ಮೇಲೆ ಉಳಿಯುವ ಕಸದ ರಾಶಿಯನ್ನು ವಿಂಗಡಿಸುವುದು ಅವಳ ಬೆಳಗಿನ ಕೆಲಸ. ಆಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವುದು. ಒಂದು ದಿನ ಅವಳು ಕೆಸರಿನ ಮುದ್ದೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಬೋಟು ನಡೆಸುವ ದುರ್ಗಯ್ಯ ತಂಡೇಲ ಯಾರೂ ಹೋಗದಷ್ಟು ಆಳಕ್ಕೆ ಬಲೆ ಬಿಟ್ಟು ಬಂದಿದ್ದನಂತೆ. ಮುದ್ದೆಯೊಳಗೆ ಹನ್ನೊಂದು ಪುಟ್ಟ ಚಿಪ್ಪುಗಳಿದ್ದವು. ಪೆಟ್ರೋಲಿನಲ್ಲಿ ಅದ್ದಿ, ವಾಚಿನ ಬ್ರಷ್ಷಿನಿಂದ ಉಜ್ಜಿ, ಹೊಳೆಯುವಂತೆ ಮಾಡಿ ಸಾಲಾಗಿ ಇಟ್ಟೆ. ನನ್ನ ಪುಸ್ತಕದಲ್ಲಿ ಅಂಥದ್ದು ಇರಲಿಲ್ಲ.

ಮೂವತ್ತು ವರ್ಷ ಬೇರೆಯವರ ಹೊತ್ತನ್ನು ಸರಿಮಾಡಿಕೊಟ್ಟವನು ನಾನು. ಇದನ್ನು ಮೊದಲು ಕಂಡವರು ನಾವು ಎಂದು ಒಂದೇ ಒಂದು ಸಂಗತಿಯನ್ನು ಲೋಕಕ್ಕೆ ತೋರಿಸಬೇಕೆಂಬ ಆಸೆ ಆವತ್ತು ನನ್ನನ್ನು ಹಿಡಿದದ್ದು ಬಿಡಲಿಲ್ಲ. ದೂರದ ನಗರದ ಸಂಗ್ರಹಾಲಯಕ್ಕೆ ಕಾಗದ ಬರೆದೆ. ನಾಲ್ಕು ಕಾಗದಗಳಿಗೆ ಉತ್ತರವಿಲ್ಲ. ಐದನೆಯದಕ್ಕೆ ಉತ್ತರದ ಬದಲು ಅಲ್ಲಿ ಚಿಪ್ಪುಜೀವಿಗಳ ಸಂಶೋಧನೆ ಮಾಡುವ ಡಾಕ್ಟರ್ ಎವ್ಲಿನ್ ಸಲ್ದಾನ ಅವರೇ ಬಂದರು. ಅಷ್ಟರಲ್ಲಿ ಮಳೆಗಾಲ ಹತ್ತಿರವಾಗಿ ಬೋಟುಗಳನ್ನೆಲ್ಲ ದಡಕ್ಕೆ ಎಳೆದಾಗಿತ್ತು.

ಎವ್ಲಿನ್ ಬಾಯಿಯವರು ಹನ್ನೊಂದನ್ನೂ ಒಂದೊಂದಾಗಿ ನೋಡಿದರು. ತಾವು ತಂದಿದ್ದ ಚಿತ್ರಗಳನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದರು.

"ಚೆಂದ ಉಂಟು," ಎಂದರು. "ಆದ್ರೆ ಇದು ನಮಗೆ ಗೊತ್ತಿರುವ ಜಾತಿಯೇ. ಹೊಸದು ಅಂತ ಬರೀಲಿಕ್ಕೆ ನನ್ನಿಂದ ಆಗುದಿಲ್ಲ ಮಾಸ್ಟ್ರೆ."

ಅವರು ಕನಿಕರದಿಂದ ಹೇಳಿದ್ದರು; ಅದೇ ಹೆಚ್ಚು ಚುಚ್ಚಿತು. ಚಾ ತರಿಸಿದೆ. ಚಾ ತಂದವನು ಎಲ್ಲವನ್ನೂ ಕೇಳಿಸಿಕೊಂಡು ಹೋದ. ಅದೇ ಹೊತ್ತಿಗೆ ಅಕ್ಕಣಿ ಒಣಮೀನಿನ ಬುಟ್ಟಿ ಇಳಿಸಿ, ಡಾಕ್ಟ್ರು ಏನಂದರು ಎಂದು ಕೇಳುತ್ತ ಒಳಗೆ ಬಂದಳು. ನಾನು ಚಿಪ್ಪುಗಳ ಸಾಲನ್ನು ತೋರಿಸಿದೆ. ಅವಳು ಬಗ್ಗಿ ನೋಡಿದಳು, ಒಂದನ್ನು ಎತ್ತಿ ಬೆರಳುಗಳ ನಡುವೆ ಹೊರಳಿಸಿದಳು.

"ಇದ್ ನಾ ಕೊಟ್ಟದ್ದಲ್ಲ," ಎಂದಳು.

ನನಗೆ ಸಿಟ್ಟು ಬಂತು. ನೀನು ಕೊಟ್ಟದ್ದೇ, ನಾನೇನು ಬದಲಾಯಿಸಿ ಇಟ್ಟೆನೇ ಎಂದೆ.

"ನಾ ಕೊಟ್ಟದ್ದಕ್ಕೆ ರೋಮ ಇತ್ತ್ ಗಡಿಯಾರದಣ್ಣ. ಬೆಕ್ಕಿನ ನಾಲ್ಗೆ ಹಾಂಗೆ ಬೆರಳಿಗೆ ತಾಗ್ತಿತ್ತ್. ಇದೆಂತ, ಬೋಳು."

ಎವ್ಲಿನ್ ಬಾಯಿಯವರು ಚಾ ಲೋಟವನ್ನು ಕೆಳಗಿಟ್ಟರು. ಯಾವುದರಲ್ಲಿ ತೊಳೆದಿರಿ ಎಂದು ನನ್ನನ್ನು ಕೇಳಿದರು. ಪೆಟ್ರೋಲು ಎಂದೆ. ಜೇಬಿನಿಂದ ಬ್ರಷ್ಷನ್ನು ತೆಗೆದು ತೋರಿಸಿದೆ. ನಾನು ಕೊಳೆ ಎಂದು ಉಜ್ಜಿ ತೆಗೆದದ್ದು ಆ ಜೀವದ ಮೈಮೇಲಿನ ಹೊದಿಕೆ.

"ನಾವು ಗಿರಾಕಿಗೆ ತೋರ್ಸುಕೆ ಮುಂಚೆ ಮೀನಿಗೆ ಕತ್ತಿ ತಾಗ್ಸೂದಿಲ್ಲ," ಎಂದಳು ಅಕ್ಕಣಿ. "ಪರೆ ತೆಗ್ದ್ ತುಂಡು ಮಾಡಿಟ್ಟ್, ಇದ್ ಇಂಥಾ ಮೀನು ಅಂದ್ರೆ ಯಾರ್ ನಂಬ್ತ್ರ್?"

ಡಾಕ್ಟರಮ್ಮ ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿ, ರೋಮ ಇರುವುದು ಒಂದಾದರೂ ಸಿಕ್ಕಿದರೆ ಮಾತು ಬೇರೆ, ಆದರೆ ನಾನು ನಾಳೆ ಸಂಜೆಯ ಬಸ್ಸಿಗೆ ಹೊರಡಬೇಕು ಎಂದರು. ಬೋಟುಗಳು ದಡದಲ್ಲಿ, ಕಡಲು ಮುಚ್ಚಿದೆ. ನಾನು ತಲೆಗೆ ಕೈಕೊಟ್ಟು ಕೂತೆ. ಅಕ್ಕಣಿ ಮಾತ್ರ ಬುಟ್ಟಿಯನ್ನು ಅಲ್ಲೇ ಬಿಟ್ಟು, ಬೋಟು ಹೋಗದಿದ್ದರೆ ಬೇಡ, ಬಲೆ ಇದೆಯಲ್ಲ ಎನ್ನುತ್ತ ಹೊರಟಳು; ನಾವಿಬ್ಬರೂ ಹಿಂಬಾಲಿಸಿದೆವು.

ದುರ್ಗಯ್ಯ ತಂಡೇಲನ ಬಲೆ ಕೊಟ್ಟಿಗೆಯ ಮೂಲೆಯಲ್ಲಿ ಗುಡ್ಡದಂತೆ ಬಿದ್ದಿತ್ತು. ಕೊನೆಯ ಸಲ ಆಳಕ್ಕೆ ಹೋಗಿ ಬಂದ ಮೇಲೆ ಅದನ್ನು ಯಾರೂ ಬಿಡಿಸಿರಲಿಲ್ಲ. ತಂಡೇಲ ಮೊದಲು ಗೊಣಗಿದ. ನೀನು ಹೋದಷ್ಟು ಆಳಕ್ಕೆ ಬೇರೆ ಯಾವ ಬೋಟೂ ಹೋಗಿಲ್ಲವೆಂಬುದು ಪುಸ್ತಕದಲ್ಲಿ ಬರುತ್ತದೆ ಎಂದು ಅಕ್ಕಣಿ ಹೇಳಿದ ಮೇಲೆ ತಾನೇ ಚಾಪೆ ಹಾಸಿದ. ಬಿಳಿಯ ಬೈರಾಸು ಬಟ್ಟೆ ಹರಡಿ, ಬಲೆಯ ತುದಿಯ ಚೀಲದ ಗಂಟುಗಳನ್ನು ಒಂದೊಂದಾಗಿ ಬಿಡಿಸುತ್ತ ಏಳೆಂಟು ಹೆಂಗಸರು ಕೂತರು. ಒಣಗಿದ ಕೆಸರು ಪುಡಿಪುಡಿಯಾಗಿ ಉದುರಿತು. ಒಬ್ಬಳು ಮಗಳ ಬಾಣಂತನದ ಸುದ್ದಿ ಹೇಳಿದಳು, ಇನ್ನೊಬ್ಬಳು ನನ್ನ ಅಂಗಡಿಯಲ್ಲಿ ಒಂದು ವರ್ಷದಿಂದ ಬಿದ್ದಿರುವ ಗಂಡನ ವಾಚಿನ ಸುದ್ದಿ ತೆಗೆದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಬೈರಾಸಿನ ಮೇಲೆ ಕಂದು ಬೀಜಗಳಂಥ ಮೂರು ಚಿಪ್ಪುಗಳು ಉಳಿದವು.

ನನ್ನ ಕೈ ತಾನಾಗಿ ಜೇಬಿನ ಬ್ರಷ್ಷಿಗೆ ಹೋಯಿತು. ಅಕ್ಕಣಿ ಅದನ್ನು ಕಸಿದು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

ಕಣ್ಣಿಗೆ ಗಾಜು ಏರಿಸಿ ನೋಡಿದೆ. ಸುರುಳಿಯ ಪ್ರತಿ ಸುತ್ತಿಗೂ ಒಂದೊಂದು ಸಾಲು ರೋಮ, ಯಾರೋ ಅಳತೆ ಹಿಡಿದು ನೆಟ್ಟ ರೆಪ್ಪೆಕೂದಲಿನಂತೆ. ಗೊತ್ತಿರುವ ಜಾತಿಗೆ ಇದಿಲ್ಲ ಎಂದರು ಎವ್ಲಿನ್ ಬಾಯಿ. ಆದರೆ ಇಷ್ಟೇ ಸಾಲದು, ಹಲ್ಲೂ ಬೇಕು ಎಂದರು. ಈ ಹುಳುಗಳ ನಾಲಗೆ ಹಲ್ಲುಗಳ ಒಂದು ಪಟ್ಟಿ. ಜಾತಿಯ ಗುಟ್ಟು ಅದರಲ್ಲಿರುತ್ತದೆ. ಒಂದು ಚಿಪ್ಪನ್ನು ನೀರಲ್ಲಿ ನೆನೆಹಾಕಿದೆವು. ಮರುದಿನ ಬೆಳಿಗ್ಗೆ ಒಳಗಿನ ಒಣಜೀವ ಮೆತ್ತಗಾಗಿತ್ತು. ಅದರಿಂದ ನಾಲಗೆಯ ಪಟ್ಟಿಯನ್ನು ಬಿಡಿಸಲು ಡಾಕ್ಟರಮ್ಮ ಚಿಮಟ ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ಹರಿದರೆ ಮುಗಿಯಿತು, ನೀವು ಮಾಡಿ ಎಂದು ಚಿಮಟವನ್ನು ನನ್ನ ಕಡೆ ತಳ್ಳಿದರು. ವಾಚಿನೊಳಗಿನ ಕೂದಲೆಳೆಯ ಸ್ಪ್ರಿಂಗನ್ನು ಸಾವಿರ ಸಲ ಎತ್ತಿದ ಕೈ ಅದು. ಹರಿಯದೆ ಬಂತು.

ಅವರು ತಾವು ತಂದಿದ್ದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಹಲ್ಲುಗಳನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಬಾಗಿಲಲ್ಲಿ ಅಕ್ಕಣಿ, ದುರ್ಗಯ್ಯ, ಚಾ ಅಂಗಡಿಯವನು, ಅವನ ಹಿಂದೆ ಅರ್ಧ ಬೀದಿ.

"ಇದನ್ನು ಈವರೆಗೆ ಯಾರೂ ಬರೆದಿಲ್ಲ," ಎಂದರು ತಲೆಯೆತ್ತಿ. "ನಾವು ಬರೆಯುವ."

ಯಾರ ಹೆಸರಿಡೋಣ ಎಂದು ಹೊರಡುವಾಗ ಕೇಳಿದರು. ನಾನು ಯೋಚಿಸಬೇಕಾಗಿರಲಿಲ್ಲ. ಅಕ್ಕಣಿ ಮಾತ್ರ, ಇಷ್ಟು ವರ್ಷ ಮೀನು ಮಾರಿ ಕೊನೆಗೆ ಹುಳ ಆದೆನಾ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದಳು.

ಪ್ರಬಂಧ ಅಚ್ಚಾಗಿ ಬಂದ ಬೆಳಿಗ್ಗೆ ಹರಾಜಿನವನು ದಕ್ಕೆಯ ಮೈಕಿನಲ್ಲಿ, ಬಂಗುಡೆಯ ರೇಟು ಕೂಗುವ ಅದೇ ರಾಗದಲ್ಲಿ ಹೆಸರುಗಳನ್ನು ಓದಿದ: ಡಾಕ್ಟರರದ್ದು, ನನ್ನದು, ಆಳ ತೋರಿಸಿದ ದುರ್ಗಯ್ಯನದ್ದು, ಕೊನೆಗೆ ಹುಳದ್ದು. ಹುಳದ ಹೆಸರಿನೊಳಗೆ ಅಕ್ಕಣಿಯ ಹೆಸರು ಕೇಳಿದ್ದೇ ಹೆಂಗಸರು ಬುಟ್ಟಿಗಳನ್ನು ಬೋರಲು ಹಾಕಿ ಬಡಿದರು. ಹರಾಜು ಅರ್ಧ ಗಂಟೆ ನಿಂತಿತು. ಚಾ ಅಂಗಡಿಯವನು ಆವತ್ತು ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ.

ಆ ಮೂರೂ ಈಗ ಸಂಗ್ರಹಾಲಯದಲ್ಲಿವೆ, ನೆನೆಹಾಕದ ಎರಡು ಕೆಸರಿನ ಸಮೇತ. ಬೋಳಾದ ಹನ್ನೊಂದರಲ್ಲಿ ಒಂದನ್ನು ನಾನು ಉಳಿಸಿಕೊಂಡೆ. ಆ ದಿನ ದಕ್ಕೆಯಿಂದ ನೇರ ಅಂಗಡಿಗೆ ಬಂದ ಅಕ್ಕಣಿ, ಕೈ ತೊಳೆಯದೆ, ಗಾಜಿನ ಅಂಚನ್ನು ಒತ್ತಿ ತನ್ನ ಹೆಸರಿನ ಹುಳವನ್ನು ತೂಗಿದಳು. ಅವಳು ಹೋದ ಮೇಲೆ ನೋಡಿದರೆ ಗಾಜಿಗೆ ಮೀನಿನ ಮೈಯ ಒಂದು ಪರೆ, ಉಗುರಿನಷ್ಟು ಹುರುಪೆ, ಅಂಟಿಕೊಂಡಿತ್ತು. ಅದು ಇನ್ನೂ ಅಲ್ಲೇ ಇದೆ. ಗಾಜು ತೂಗಿದಾಗಲೆಲ್ಲ ಚಿಪ್ಪಿನ ಪಕ್ಕದಲ್ಲಿ ಒಮ್ಮೆ ಮಿಂಚುತ್ತದೆ. ನಾನು ಒರೆಸಿಲ್ಲ.