ಬೋಳಾದ ರಬ್ಬರ್ ಗಿಡ

ಅಕ್ಕನ ರಬ್ಬರ್ ಗಿಡವನ್ನು ಕತ್ತರಿಸಿದ್ದು ತಂಗಿ. ಟೈಲರ್ ಕೈಗೆ ಕತ್ತರಿ ಸಿಕ್ಕಿದರೆ ಕೇಳಬೇಕೆ! ಕೆಳಗಿನ ಎಲೆಗಳನ್ನೆಲ್ಲ ಉದುರಿಸಿಕೊಂಡು, ತುದಿಯಲ್ಲಿ ಮಾತ್ರ ನಾಲ್ಕು ಎಲೆ ಇಟ್ಟುಕೊಂಡು ಆಳೆತ್ತರ ನಿಂತಿದ್ದ ಗಿಡವನ್ನು ಮೊಣಕಾಲೆತ್ತರಕ್ಕೆ ಇಳಿಸಿಬಿಟ್ಟಳು. ಕತ್ತರಿಸಿದ ಕಡೆಯಿಂದ ಹಾಲು ತೊಟ್ಟಿಕ್ಕಿತು. ಅಕ್ಕ ನೋಡಲಾರದೆ ಮುಖ ತಿರುಗಿಸಿದಳು.

"ಪಾಪಿ, ಕುತ್ತಿಗೇನೇ ಕೊಯ್ದೆಯಲ್ಲೇ!"

"ಚಿಗುರುತ್ತೆ ಕಣಕ್ಕ. ಒಂದು ತಿಂಗಳು ತಲೆ ತಿನ್ನದೆ ಸುಮ್ಮನಿರು."

ಮನೆಯಲ್ಲಿ ಇದ್ದದ್ದೇ ಇಬ್ಬರು. ಅಕ್ಕ ಟೆಲಿಫೋನ್ ಆಫೀಸಿನಿಂದ ನಿವೃತ್ತಳಾದ ದಿನ ಅಲ್ಲಿಂದ ಹೊತ್ತು ತಂದದ್ದು ಈ ಗಿಡವೊಂದನ್ನೇ. ಮದುವೆ ಗೊಡವೆಗೆ ಹೋಗದೆ ದುಡಿದು ತಂಗಿಯನ್ನು ಸಾಕಿದವಳು ಅವಳು. ತಂಗಿಗೆ ತಾಯಿ ಅಂದರೂ ಅವಳೇ, ತಂದೆ ಅಂದರೂ ಅವಳೇ. ಈಗ ಮಂಡಿನೋವು. ಹಗಲೆಲ್ಲ ಗಿಡದ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದಳು.

ಕತ್ತರಿಸಿದ ವಾರಕ್ಕೇ ಚಳಿ ಬಿತ್ತು. ಬೋಳು ಗಿಡಕ್ಕೆ ತಣ್ಣನೆ ಗಾಳಿ ತಾಗಬಾರದು ಅಂತ ಯಾರೋ ಹೇಳಿದರು. ಬೇರೆಯವರಾಗಿದ್ದರೆ ಕಿಟಕಿ ಸಂದಿಗೆ ಹಳೇ ಪೇಪರ್ ತುರುಕಿ ಸುಮ್ಮನಾಗುತ್ತಿದ್ದರು. ತಂಗಿಯ ಕಸುಬು ಬಿಡಬೇಕಲ್ಲ! ತನ್ನ ಹೊಲಿಗೆ ಅಂಗಡಿಯಲ್ಲಿ ಉಳಿದ ಲೈನಿಂಗ್ ಬಟ್ಟೆಗೆ ಹತ್ತಿ ತುಂಬಿ, ಉದ್ದುದ್ದ ಪಟ್ಟಿ ಹೊಲಿದು, ಕಿಟಕಿಯ ಸುತ್ತ ಮೊಳೆ ಹೊಡೆದು ಕೂರಿಸಿದಳು. ಮೇಲಿನ ವೆಂಟಿಲೇಟರಿಗೂ ಒಂದು ದಿಂಬು, ಬಾಗಿಲ ಬುಡಕ್ಕೂ ಒಂದು. ಅಳತೆ ಅಂದರೆ ಅಳತೆ, ದಾರ ತೂರಲೂ ಸಂದಿಯಿಲ್ಲ. ಆಮೇಲೆ ಗ್ಯಾಸ್ ಹೀಟರ್ ಹಚ್ಚಿ ಗಿಡದ ಹತ್ತಿರಕ್ಕೆ ಸರಿಸಿದಳು.

ಗಿಡ ಚಿಗುರಿತು. ಕೆಂಪನೆಯ ಮೊನೆಯೊಂದು ಇಣುಕಿ, ನಾಲ್ಕನೇ ದಿನಕ್ಕೆ ಮುರುಟಿ ಬಿತ್ತು. ಇನ್ನೊಂದು ಬಂತು, ಅದರ ಕಥೆಯೂ ಅಷ್ಟೇ. ಅಷ್ಟರಲ್ಲಿ ಅಕ್ಕನಿಗೆ ತಲೆನೋವು ಶುರುವಾಗಿತ್ತು. ಬೆಳಿಗ್ಗೆ ಎದ್ದಾಗ ಏನೂ ಇರುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಮಧ್ಯಾಹ್ನವಾಗುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ.

"ಆ ಗಿಡದ್ದೇ ಚಿಂತೆ ನಿನಗೆ," ತಂಗಿ ಗದರಿದಳು.

"ಹೂಂ ಕಣೇ. ನೀನು ಅದನ್ನ ಕೊಯ್ದಾಗಿಂದ ನನಗೂ ಸರಿಯಿಲ್ಲ."

ಮಾತು ತಂಗಿಗೆ ನಾಟಿತು. ಗಿಡ ಉಳಿದರೆ ಅಕ್ಕನೂ ಸರಿಹೋಗುತ್ತಾಳೆ ಅಂತ ನಂಬಿಬಿಟ್ಟಳು. ಹೀಟರಿನ ಉರಿಯನ್ನು ಇನ್ನಷ್ಟು ಏರಿಸಿದಳು. ಒಂದು ದಿನ ಅಕ್ಕ ಸಕ್ಕರೆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯೆಲ್ಲ ಸಕ್ಕರೆ ಹುಡುಕಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ವಿಷಯವಾಗಿರಲಿಲ್ಲ ಅದು.

ಕತ್ತರಿಸಿದ ತುದಿಯನ್ನು ಬಿಸಾಡಲು ಮನಸ್ಸಾಗದೆ ತಂಗಿ ಅಂಗಡಿಯಲ್ಲಿ ಒಂದು ಬಾಟಲಿ ನೀರಿಗೆ ಹಾಕಿದ್ದಳು. ಹೀಟರಿಲ್ಲದ, ಬಾಗಿಲು ಸದಾ ತೆರೆದಿರುವ ಅಂಗಡಿ ಅದು. ಅಲ್ಲಿ ಆ ತುಂಡು ಬೇರು ಬಿಟ್ಟು ಹೊಸ ಎಲೆ ಹಾಕಿ ಮೆರೆಯುತ್ತಿತ್ತು. ಒಂದು ಮಧ್ಯಾಹ್ನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದ ನರ್ಸರಿಯವನು ಅದನ್ನು ಹೊಗಳಿದ. ತಂಗಿ ಮನೆಯ ಗಿಡದ ಗೋಳು ತೋಡಿಕೊಂಡಳು.

"ಅದರದ್ದೇ ತುಂಡು ಇಲ್ಲಿ ಚೆನ್ನಾಗಿದೆ ಅಂದ್ರೆ ರೋಗ ಗಿಡದಲ್ಲಿಲ್ಲ ಮೇಡಂ, ಮನೇಲಿದೆ. ಅಲ್ಲಿ ಏನು ಉರಿಸ್ತೀರಿ?"

"ಗ್ಯಾಸ್ ಹೀಟರ್. ಬೆಚ್ಚಗಿರಲಿ ಅಂತ."

"ಗಾಳಿ ಆಡುತ್ತಾ?"

"ಒಂದೆಳೆ ನುಗ್ಗಲ್ಲ. ನನ್ನ ಕೈ ಹೊಲಿಗೆ ಅದು!" ಅಂದಳು ಹೆಮ್ಮೆಯಿಂದ.

ಅವನು ನಗಲಿಲ್ಲ. "ಗಾಳಿಯಿಲ್ಲದ ಕಡೆ ಆ ಹೀಟರ್ ಉರಿದ್ರೆ ತಲೆಗೇರೋ ವಿಷ ಮೇಡಂ. ಆ ಕೋಣೇಲಿ ಯಾರಾದ್ರೂ ಕೂತ್ಕೋತಾರಾ?"

ತಂಗಿ ಕೈಯಲ್ಲಿದ್ದ ಪ್ಯಾಂಟನ್ನು ಅಲ್ಲೇ ಬಿಟ್ಟು ಎದ್ದಳು. ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಓಡಿದಳು. ಮೂರು ಬೀದಿ, ಎರಡು ಮಹಡಿ ಮೆಟ್ಟಿಲು. ಬೀಗದ ಕೈ ತಿರುಗಿಸಿ ಬಾಗಿಲು ತಳ್ಳಿದಳು. ಒಳಗೆ ಅಕ್ಕ ಕುರ್ಚಿಯಲ್ಲೇ ಇದ್ದಳು, ತಲೆ ಭುಜಕ್ಕೆ ವಾಲಿತ್ತು. ಕೂಗಿದರೆ ಓಗೊಡಲಿಲ್ಲ.

ಹೀಟರ್ ಆರಿಸಿ ಕಿಟಕಿಯ ಪಟ್ಟಿ ಹಿಡಿದು ಎಳೆದಳು. ಬರಲಿಲ್ಲ. ಎರಡೆರಡು ಸಾಲು ಹೊಲಿದು ಮೊಳೆ ಹೊಡೆದವಳು ಅವಳೇ ತಾನೆ! ಉಗುರು ಕಿತ್ತು ರಕ್ತ ಬಂತು, ಹೊಲಿಗೆ ಬಿಡಲಿಲ್ಲ. ಕೈಗೆ ಸಿಕ್ಕಿದ್ದು ಗಿಡದ ಕುಂಡ. ಮೂರನೇ ಸಲ ಚಿಗುರಿದ್ದ ಆ ಗಿಡವನ್ನು ಎತ್ತಿ ಗಾಜಿಗೆ ಅಪ್ಪಳಿಸಿದಳು. ಗಾಜು, ಮಣ್ಣು, ಗಿಡ ಎಲ್ಲ ಹಿತ್ತಲಿಗೆ ಬಿದ್ದವು. ಅಕ್ಕನ ಕಂಕುಳಿಗೆ ಕೈ ಹಾಕಿ ದರದರ ಎಳೆದು ತಂದು ಮೆಟ್ಟಿಲ ಮೇಲೆ ತೊಡೆಗೊರಗಿಸಿಕೊಂಡಳು. ಪಕ್ಕದ ಮನೆಯವರು ಆಂಬುಲೆನ್ಸಿಗೆ ಫೋನ್ ಮಾಡಿದರು.

ಆಂಬುಲೆನ್ಸ್ ಬರುವ ಮೊದಲೇ ಅಕ್ಕ ಕೆಮ್ಮಿದಳು, ಕಣ್ಣು ಬಿಟ್ಟಳು. ತಂಗಿಗೆ ಹೋದ ಜೀವ ಬಂದಂತಾಯಿತು. ಅಕ್ಕ ಅವಳ ಮುಖವನ್ನೇ ನೋಡಿದಳು, ಬಹಳ ಹೊತ್ತು, ಬಹಳ ಮರ್ಯಾದೆಯಿಂದ.

"ಯಾಕಮ್ಮ ಅಳ್ತಿದೀರಿ? ಯಾರನ್ನ ಹುಡುಕ್ಕೊಂಡು ಬಂದಿರಿ?"

"ನಿನ್ನನ್ನೇ ಕಣಕ್ಕ," ಅಂದಳು ತಂಗಿ. ಅಕ್ಕ ಅರ್ಥವಾಗದವರ ಹಾಗೆ ನಕ್ಕು, ತನ್ನ ಸೆರಗಿನಿಂದ ಆ ಅಪರಿಚಿತೆಯ ಕಣ್ಣೊರೆಸಿದಳು.