ಅಕ್ಕ ಶೂ ಬಚ್ಚಿಡುವ ಹತ್ತು ದಿನ

ವರ್ಷದ ಯೋಜನೆ ಬರೆಯಲೆಂದು ಓಟ ಕಲಿಸುವ ಮೇಷ್ಟ್ರು ಮೇಜಿನ ಮೇಲೆ ಒಂಬತ್ತು ನೋಟ್‌ಬುಕ್ ಹರಡಿಕೊಂಡು ಕೂತಿದ್ದರು. ವರ್ಷಕ್ಕೊಂದು. ಶಿಷ್ಯ ದಿನಕ್ಕೆ ಎಷ್ಟು ಓಡಿದ, ಎಷ್ಟು ಹೊತ್ತು ಹಿಡಿಯಿತು, ಬೆಳಗ್ಗೆ ಎದ್ದಾಗ ನಾಡಿ ಎಷ್ಟಿತ್ತು, ಎಲ್ಲ ಅದರಲ್ಲಿತ್ತು. ಶಿಷ್ಯನ ಕಸುಬು ಲಿಫ್ಟ್ ರಿಪೇರಿ. ಹತ್ತನೇ ಮಹಡಿಗೂ ಮೆಟ್ಟಿಲು ಹತ್ತಿಯೇ ಹೋಗುವ ಆಸಾಮಿ. ಓಟದ ಕ್ಲಬ್ಬಿನಲ್ಲಿ ಅವನ ಹೆಸರೇ ಲಿಫ್ಟು. ವಯಸ್ಸು ನಲವತ್ತೊಂದು. ಈ ಸಲದ ಮ್ಯಾರಥಾನನ್ನು ಮೂರು ಗಂಟೆಯೊಳಗೆ ಮುಗಿಸದಿದ್ದರೆ ತಂಡದಿಂದ ಹೆಸರು ತೆಗೆಯುವುದಾಗಿ ಕಾರ್ಯದರ್ಶಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅವನು ಹೋದರೆ ಮೇಷ್ಟ್ರಿಗೂ ಅಲ್ಲಿ ಕೆಲಸವಿಲ್ಲ. ಶಿಷ್ಯ ಅಂತ ಉಳಿದಿದ್ದವನು ಅವನೊಬ್ಬನೇ.

ಒಳ್ಳೆಯ ಓಟಗಳಿಗೆ ಮೇಷ್ಟ್ರು ಗುರುತು ಹಾಕುತ್ತಾ ಹೋದರು. ಒಂಬತ್ತು ವರ್ಷದಲ್ಲಿ ನಾಲ್ಕು. ನಾಲ್ಕಕ್ಕೂ ಎರಡು ವಾರ ಮುಂಚೆ, ಹತ್ತು ದಿನ ಕೆಂಪು ಗೆರೆ. ಕೆಂಪು ಅಂದರೆ ಹಾಳಾದ ದಿನ. ಪಕ್ಕದಲ್ಲಿ ಅವರದೇ ಕೈಬರಹ, ಸಿಟ್ಟಿಗೆ ಕಾಗದ ಹರಿದಿತ್ತು: "ಓಡಿಲ್ಲ. ಇವನ ಅಕ್ಕ ಬಂದಿದ್ದಾಳೆ. ಶೂ ಬಚ್ಚಿಟ್ಟಿದ್ದಾಳೆ."

ಅಕ್ಕ ಬಾರದ ವರ್ಷಗಳನ್ನು ತಿರುವಿದರು. ಒಂದರಲ್ಲಿ ಮಂಡಿನೋವು, ಒಂದರಲ್ಲಿ ಜ್ವರ, ಇನ್ನೊಂದರಲ್ಲಿ ಮೂವತ್ತೈದನೇ ಕಿಲೋಮೀಟರಿನಿಂದ ಆಂಬುಲೆನ್ಸಿನಲ್ಲಿ ವಾಪಸ್ಸು. ದಣಿವು ಆರುವ ಮೊದಲೇ ಮತ್ತೆ ಓಡುವ ಜಾತಿ ಅವನದು. ಮೇಷ್ಟ್ರೇ ವಿಶ್ರಾಂತಿ ಕೊಡಬಹುದಿತ್ತಲ್ಲ? ಕೊಟ್ಟಿದ್ದರು. ಆ ದಿನದ ಲೆಕ್ಕವನ್ನು ಲಿಫ್ಟು ತಾನೇ ಬರೆದಿದ್ದ: "ಪೂರ್ತಿ ವಿಶ್ರಾಂತಿ. ಹದಿನಾಲ್ಕು ಕಿ.ಮೀ. ಮಾತ್ರ."

ಮೇಷ್ಟ್ರು ತಲೆ ಕೆರೆದುಕೊಂಡರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು ಆ ಅಕ್ಕ. ಅವಳಿಗೂ ಮೇಷ್ಟ್ರಿಗೂ ಹಾವು ಮುಂಗುಸಿ. ಎರಡು ವರ್ಷದ ಹಿಂದೆ "ನಿಮ್ಮಿಂದಲೇ ಇವನು ಹಾಳಾಗೋದು" ಎಂದು ಮೇಷ್ಟ್ರು ಅಂದ ಮೇಲೆ ಅವಳು ಈ ಕಡೆ ತಲೆ ಹಾಕಿರಲಿಲ್ಲ. ಬೇರೆ ದಾರಿ ಕಾಣದೆ ಫೋನ್ ಮಾಡಿದರು.

"ಯಾರು, ಮೇಷ್ಟ್ರಾ? ಬದುಕಿದೀರಾ ಇನ್ನೂ?"

"ಇದೀನಮ್ಮಾ. ಅದೂ... ಮುಂದಿನ ತಿಂಗಳು ಐದನೇ ತಾರೀಕು ನೀವು ಬರಬೇಕಲ್ಲ. ಹದಿನೈದರವರೆಗೆ."

"ನಾನೇನು ರೈಲಾ, ನೀವು ಹೇಳಿದ ಟೈಮಿಗೆ ಬರೋಕೆ?"

"ತಪ್ಪಾಯ್ತಮ್ಮಾ, ಆವತ್ತು ನಾನು ಹಾಗನ್ನಬಾರದಿತ್ತು. ನೋಟ್‌ಬುಕ್ಕೇ ಹೇಳ್ತಿದೆ. ನೀವು ಬಂದ್ರೇನೇ ಅವನು ಗೆಲ್ಲೋದು."



"ಇನ್ನೊಂದು ಸಲ ಹೇಳಿ."

"ತಪ್ಪಾಯ್ತು."

"ಅದಲ್ಲ. ಕೊನೇದು."

ನಿಜ ಹೇಳಿದ್ದೇ ಎಡವಟ್ಟಾಯಿತು. ಎಂಟನೇ ತಾರೀಕು ಬೆಳಗ್ಗೆ ಹಾಲು ತರಲು ಹೊರಟ ಮೇಷ್ಟ್ರು ಪಾರ್ಕಿನ ಹತ್ತಿರ ಸೀಟಿ ಕೇಳಿ ನಿಂತರು. ಬೆಂಚಿನ ಮೇಲೆ ಅಕ್ಕ, ಬಾಯಲ್ಲಿ ಸೀಟಿ, ತೊಡೆಯ ಮೇಲೆ ಹೊಸ ನೋಟ್‌ಬುಕ್. ಲಿಫ್ಟು ಬೆವರು ಸುರಿಸಿಕೊಂಡು ಸುತ್ತು ಹಾಕುತ್ತಿದ್ದ. ಮುಖದಲ್ಲಿ ಪರಮಾನಂದ.

"ಇಪ್ಪತ್ತೊಂದನೇ ಸುತ್ತು ಮೇಷ್ಟ್ರೇ! ಬಂದಾಗಿನಿಂದ ಒಂದು ದಿನಾನೂ ಬಿಟ್ಟಿಲ್ಲ ಅವನನ್ನ."

"ಅಯ್ಯೋ, ಅವನು ಓಡಬಾರದಮ್ಮಾ! ಮಲಗಬೇಕು!"

"ಮಲಗಿಸೋಕೆ ನಾನ್ಯಾಕೆ ಬೇಕಿತ್ತು, ಹಾಸಿಗೆ ಸಾಕಾಗಿತ್ತಲ್ಲ? ಹೆದರಬೇಡಿ, ನಾನಿದೀನಿ."

ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗಲಿಲ್ಲ. ಮೇಷ್ಟ್ರು ಹಾಲು ಮರೆತು ಮನೆಗೆ ಬಂದು ಮತ್ತೆ ಪುಟ ತಿರುವಿದರು. ಈ ಸಲ ಕೆಂಪು ಗೆರೆಯ ಹಿಂದಿನ ದಿನವನ್ನು ನೋಡಿದರು. ನಾಲ್ಕು ಕಡೆಯೂ ಒಂದೇ ಮಾತು: "ಇವನ ಮನೆಗೆ ಹೋಗಿದ್ದೆ. ಅಕ್ಕನಿಗೆ ಖಾರವಾಗಿಯೇ ಹೇಳಿ ಬಂದೆ."

ಮಾರನೇ ದಿನ ಬೆಳಗ್ಗೆ ಮೇಷ್ಟ್ರು ಶಿಷ್ಯನ ಮನೆ ಬಾಗಿಲು ಬಡಿದರು.

"ಏನಮ್ಮಾ, ಇಷ್ಟೇನಾ ಓಡಿಸೋದು? ಇವತ್ತಿಂದ ಬೆಳಗ್ಗೆ ಮೂವತ್ತು ಕಿಲೋಮೀಟರ್, ಸಂಜೆ ಇಪ್ಪತ್ತು. ಅವನು ಬಿದ್ದು ಹೋದ್ರೂ ಪರವಾಗಿಲ್ಲ, ನನ್ನ ಮರ್ಯಾದೆ ಉಳೀಬೇಕು."

ಅಕ್ಕನ ಬಾಯಿಂದ ಸೀಟಿ ಕೆಳಗೆ ಬಿತ್ತು. "ಏನಂದ್ರಿ?"

"ನಿಮಗೆ ಇದೆಲ್ಲ ಎಲ್ಲಿ ಅರ್ಥ ಆಗತ್ತೆ? ಅವನನ್ನ ನನಗೆ ಬಿಟ್ಟು ನೀವು ಹೊರಡಿ."

"ನನ್ನ ತಮ್ಮ ಏನು ಕತ್ತೇನಾ? ಏಯ್, ಬಾರೋ ಒಳಗೆ! ಬಿಚ್ಚೋ ಶೂನ!"

ಬಾಗಿಲು ಮೇಷ್ಟ್ರ ಮೂಗಿನ ಮುಂದೆ ಧಡಾರನೆ ಮುಚ್ಚಿತು. ಒಳಗೆ ಬೀರುವಿಗೆ ಬೀಗ ಬಿದ್ದ ಸದ್ದು. ಮೇಷ್ಟ್ರು ಅಲ್ಲೇ ಕಣ್ಣು ಮುಚ್ಚಿ ಅದನ್ನು ಸವಿದರು.

ಅವಳ ಸಿಟ್ಟು ಆರಬಾರದೆಂದು ದಿನವೂ ಗೇಟಿಗೆ ಹೋಗಿ "ಕಳಿಸ್ರೀ ಅವನನ್ನ!" ಎಂದು ಕೂಗಿ ಬಂದರು. ಅಕ್ಕಪಕ್ಕದವರು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ನೋಡತೊಡಗಿದರು. ನಾಲ್ಕನೇ ದಿನ ಮೇಲಿನಿಂದ ಒಂದು ಬಕೆಟ್ ನೀರು ಬಿತ್ತು. ಮೇಷ್ಟ್ರು ತೊಯ್ದು ತೊಪ್ಪೆಯಾಗಿ, ಮದುಮಗನಂತೆ ನಗುತ್ತಾ ಮನೆಗೆ ಹೋಗಿ ಕೆಂಪು ಗೆರೆ ಎಳೆದರು. ಹದಿನೈದಕ್ಕೆ ಹೊರಡಬೇಕಿದ್ದ ಅಕ್ಕ ಹಟಕ್ಕೆ ಬಿದ್ದು ಹತ್ತೊಂಬತ್ತರವರೆಗೂ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂತಳು.

ತಿಂಗಳ ಕೊನೆಗೆ ಲಿಫ್ಟು ಮ್ಯಾರಥಾನ್ ಓಡಿ ಮುಗಿಸಿದ್ದು ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ. ಓಟ ನೋಡಲೆಂದೇ ಮತ್ತೆ ಬಂದಿದ್ದ ಅಕ್ಕ ಜನರನ್ನು ತಳ್ಳಿಕೊಂಡು ನೇರ ಮೇಷ್ಟ್ರ ಎದುರು ನಿಂತಳು.

"ನೋಡಿದ್ರಾ? ನಿಮ್ಮ ಮಾತು ಕೇಳಿದ್ರೆ ಇವನು ಆಸ್ಪತ್ರೇಲಿ ಇರ್ತಿದ್ದ! ಇನ್ನಾದ್ರೂ ಬುದ್ಧಿ ಕಲೀರಿ."

ಕಾರ್ಯದರ್ಶಿ ಕಿವಿ ನಿಮಿರಿಸಿಕೊಂಡು ನಿಂತಿದ್ದರು. ಕ್ಲಬ್ಬಿಗೆ ಕ್ಲಬ್ಬೇ ನೋಡುತ್ತಿತ್ತು. ಒಂದು ಮಾತು ಬಿಡಿಸಿ ಹೇಳಿದ್ದರೆ ಮೇಷ್ಟ್ರ ಮಾನ ಉಳಿಯುತ್ತಿತ್ತು. ಆದರೆ ಮುಂದಿನ ವರ್ಷ ಶೂ ಬಚ್ಚಿಡುವವರು ಯಾರು? ಬಾಯಿತನಕ ಬಂದದ್ದನ್ನು ಅವರು ನುಂಗಿಕೊಂಡರು.

"ಏನೋ ಅದೃಷ್ಟ, ಗೆದ್ದ," ಎಂದರು, ಆದಷ್ಟು ಒರಟಾಗಿ. "ಮುಂದಿನ ವರ್ಷ ಇವನ ಮನೆ ಕಡೆ ಕಾಲಿಡಿ, ನೋಡ್ಕೋತೀನಿ."

"ಇಡೋದೇ!" ಎಂದಳು ಅಕ್ಕ. "ತಾರೀಕು ಹೇಳಿ!"